ಉಳಿಕೆ ಮೇಜು

ಬೆಳಗ್ಗೆ ಹತ್ತಕ್ಕೆ ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತು, "ನಾಲ್ಕು ಗಂಟೆಗೆ ಅಣ್ಣ ಬರ್ತಾರೆ. ಅಷ್ಟರೊಳಗೆ ಈ ಕಸ ಎಲ್ಲಾ ಇಲ್ಲಿಂದ ಹೋಗಿರ್ಬೇಕು, ನೋಡಿ," ಎಂದು ಹೇಳಿ ಹೋದ ಮೇಲೆ, ಊರವರಿಗೆ ಕಟ್ಟುಹಲ್ಲು ಮಾಡಿಕೊಡುವ ಹಲ್ಲಿನವನು ಅರ್ಧ ಗಂಟೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ. ಕಸ ಅಂದದ್ದಕ್ಕೆ ಅವನಿಗೆ ಬೇಸರವಾಗಲಿಲ್ಲ. ಜನ್ಮದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆಯದವರು ಇನ್ನೇನು ಅಂದಾರು. ಅಣ್ಣ ಅಂದದ್ದು ಮಾತ್ರ ಚುಚ್ಚಿತು. ಬರುತ್ತಿರುವವನು ಇವನ ಅಕ್ಕನ ಗಂಡ, ಇವನಿಗೆ ಭಾವ. ಇವಳಿಗೆ ಹೇಗೋ ಒಡಹುಟ್ಟಿದವನಿಗಿಂತ ಹೆಚ್ಚಾಗಿಬಿಟ್ಟಿದ್ದ. ಹೋದಲ್ಲೆಲ್ಲ ಯಾರಿಗಾದರೂ ಅಣ್ಣನೋ ಮಾವನೋ ಆಗಿಬಿಡುವುದು ಆ ಮನುಷ್ಯನ ಚಾಳಿ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು. ಎರಡು ವರ್ಷದ ಹಿಂದೆ ಅಕ್ಕ ತೀರಿಕೊಂಡಳು, ಆಮೇಲೆ ಅವನ ಕೈ ನಡುಗಲು ಶುರುವಾಯಿತು, ಹೋದ ತಿಂಗಳು ಅಂಗಡಿ ಮುಚ್ಚಿದ. "ಒಬ್ರೇ ಅಲ್ಲಿ ಏನ್ಮಾಡ್ತಾರೆ, ಇಲ್ಲಿಗೇ ಬರೋಕೆ ಹೇಳಿ," ಎಂದು ಇವಳು ಕಣ್ಣು ತುಂಬಿಕೊಂಡು ಹೇಳಿದಾಗ ಬೇಡ ಅನ್ನಲು ಹಲ್ಲಿನವನಿಗೆ ಕಾರಣ ಸಿಗಲಿಲ್ಲ. ಇದ್ದ ಒಂದೇ ಒಂದು ಕಾರಣವನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ.

ಆ ಕಾರಣ ನಾಲ್ಕನೆಯ ಪೆಟ್ಟಿಗೆಯಲ್ಲಿತ್ತು. ಗೋಡೆಯುದ್ದಕ್ಕೂ ನಾಲ್ಕು ರಟ್ಟಿನ ಪೆಟ್ಟಿಗೆಗಳು, ನಿನ್ನೆ ತಂದು ಹಾಕಿದ ಹೊಸ ಮಂಚ ಅವನ್ನು ಒತ್ತಿಕೊಂಡು ನಿಂತಿತ್ತು. ಇಪ್ಪತ್ತು ವರ್ಷ ಪುಟ್ಟ ಪುಟ್ಟ ಹಡಗು, ಸೇತುವೆ, ಗಿರಣಿ ಕಟ್ಟಿದವನ ಮನೆಯಲ್ಲಿ ಕೊನೆಗೆ ಉಳಿಯುವುದು ಹಡಗೂ ಅಲ್ಲ, ಸೇತುವೆಯೂ ಅಲ್ಲ. ಅವನ್ನು ಕಟ್ಟಿ ಮಿಕ್ಕಿದ್ದು. ಮೊದಲನೆಯ ಪೆಟ್ಟಿಗೆಯಲ್ಲಿ ಬಿಡಿಭಾಗ ಮುರಿದುಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ಕಿನ ಕಡ್ಡಿ ಚೌಕಟ್ಟುಗಳು. ಆ ಕಡ್ಡಿಯನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ, ಹಡಗಿನ ಹಗ್ಗಕ್ಕಾಗುತ್ತದೆ. ಹಾಗೆಂದು ಕೂಡಿಟ್ಟದ್ದರಲ್ಲಿ ಒಂದು ಬಂದರಿನ ಹಡಗಿಗೆಲ್ಲ ಹಗ್ಗ ಹೊಸೆಯಬಹುದಿತ್ತು. ಎರಡನೆಯದರಲ್ಲಿ ಹಗುರ ಮರದ ಚೂರು, ರಟ್ಟಿನ ಪಟ್ಟಿ, ಸವೆದ ಮರಳು ಕಾಗದ. ಮೂರನೆಯದರಲ್ಲಿ ಒಣಗಿದ ಬಣ್ಣದ ಡಬ್ಬಿ, ಬಾಯಿ ಕಟ್ಟಿಕೊಂಡ ಅಂಟಿನ ಟ್ಯೂಬು, ಕೆಲಸದ ಜಾಗದಿಂದ ಜೇಬಿನಲ್ಲಿ ತಂದ ಕಟ್ಟುಹಲ್ಲಿಗೆ ವಸಡು ಮಾಡುವ ಗುಲಾಬಿ ಬಣ್ಣದ ಪುಡಿ. ಯಾವತ್ತಾದರೂ ಬೇಕಾಗುತ್ತದೆ ಎಂದು ಎತ್ತಿಟ್ಟದ್ದು, ಆ ಯಾವತ್ತು ಎಂಬುದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಈ ಕಡೆ ಸುಳಿದಿರಲಿಲ್ಲ. ನಾಲ್ಕನೆಯದು ಅವನದೇ ಅಲ್ಲ. ಭಾವ ಮಾದರಿ ಕಟ್ಟುವುದನ್ನು ಬಿಟ್ಟ ದಿನ, "ನೀನೇ ಇಟ್ಕೊಳಪ್ಪ, ನಿನಗಾದ್ರೂ ಉಪಯೋಗಕ್ಕೆ ಬರುತ್ತೆ," ಎಂದು ತಂದು ಇಳಿಸಿಹೋದ ಉಳಿಕೆ. ಅದರ ತಳದಲ್ಲಿ ಆಮೇಲೆ ಇವನೇ ಬಚ್ಚಿಟ್ಟ ಒಂದು ದುಂಡು ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಚೋಟುದ್ದದ ಒಂದು ಸುರುಳಿ ಮೆಟ್ಟಿಲು. ಒಂಬತ್ತು ವರ್ಷದ ಹಿಂದೆ ಭಾವ ಕಳೆದುಕೊಂಡದ್ದು. ಕಳೆದುಕೊಂಡೆ ಎಂದು ಭಾವ ಅಂದುಕೊಂಡಿದ್ದು. ನಾಲ್ಕು ಗಂಟೆಯೊಳಗೆ ಆ ಮೆಟ್ಟಿಲಿಗೆ ಒಂದು ಗತಿ ಕಾಣಿಸಬೇಕಿತ್ತು. ಮಿಕ್ಕ ಪೆಟ್ಟಿಗೆಗಳ ಚಿಂತೆ ಬರೀ ನೆಪ.

ನೆಪವೇ ಆದರೂ ಅದರಿಂದಲೇ ಶುರು ಮಾಡಿದ. ಹನ್ನೊಂದಕ್ಕೆ ಹೆಂಡತಿಯೇ ಹೇಳಿಕಳುಹಿಸಿದ್ದ ಗುಜರಿಯವನು ಬಂದು ಬಾಗಿಲ ಹೊರಗೆ ಚಪ್ಪಲಿ ಬಿಡದೆ ನಿಂತ. ಹಲ್ಲಿನವನು ಮೊದಲನೆಯ ಪೆಟ್ಟಿಗೆಯನ್ನು ಎಳೆದು ತಂದು ಅವನ ಮುಂದಿಟ್ಟು, ಮದುವೆಗೆ ಹೆಣ್ಣು ತೋರಿಸುವವನ ಹಾಗೆ ಪಕ್ಕಕ್ಕೆ ಸರಿದ. ಗುಜರಿಯವನು ಒಂದು ಚೌಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ಏನ್ ಸ್ವಾಮಿ ಇದು?"

"ಪ್ಲಾಸ್ಟಿಕ್ಕು. ಒಳ್ಳೇ ಜಾತಿ ಪ್ಲಾಸ್ಟಿಕ್ಕು ಅದು."

"ಬಕೆಟ್ಟು ಇದೆಯಾ, ಮುರಿದ ಕುರ್ಚಿ ಇದೆಯಾ, ಹೇಳಿ. ಇದು ಕಡ್ಡಿ. ಇದನ್ನ ಹೊತ್ಕೊಂಡು ಹೋದ್ರೆ ನಮ್ಮ ಮಂಡಿಯವನು ನನ್ನನ್ನೇ ತೂಕಕ್ಕೆ ಹಾಕ್ತಾನೆ."

ಮರದ ಚೂರನ್ನೂ ನೋಡಿದ, ಬಣ್ಣದ ಡಬ್ಬಿಯನ್ನೂ ಮೂಸಿದ. ಕೊನೆಗೆ ಹಲ್ಲಿನವನ ಮುಖ ನೋಡಿ ಅವನಿಗೇ ಕನಿಕರ ಹುಟ್ಟಿರಬೇಕು. "ಈ ರಟ್ಟಿನ ಪೆಟ್ಟಿಗೆ ಬೇಕಾದ್ರೆ ತಗೋತೀನಿ ಸ್ವಾಮಿ. ಗಟ್ಟಿಯಾಗಿವೆ. ಒಳಗಿರೋದನ್ನ ಖಾಲಿ ಮಾಡಿಕೊಡಿ," ಅಂದ. ಹಲ್ಲಿನವನು ಕೈ ಬೀಸಿ ಅವನನ್ನು ಸಾಗಹಾಕಿದ. ಮೂಗಿನ ತುದಿಗಿಂತ ಮುಂದೆ ಕಾಣದ ಜನ. ಕೊಳೆತ ಬಕೆಟ್ಟಿಗೆ ಇರುವ ಬೆಲೆ ಕೈಕೆಲಸಕ್ಕಿಲ್ಲ. ಹೀಗೆಂದು ಗೊಣಗಿದ ಮೇಲೆ, ಪೆಟ್ಟಿಗೆಯಲ್ಲಿರುವುದು ಕೈಕೆಲಸವಲ್ಲ, ಕೈಕೆಲಸ ಮುಗಿದ ಮೇಲೆ ಬಿದ್ದದ್ದು ಎಂದು ತನಗೇ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಶಾಲೆಯ ಕರಕುಶಲ ಟೀಚರಿಗೆ ಫೋನು ಮಾಡಿದ. ಆಕೆ ಎರಡು ನಿಮಿಷ ಬಹಳ ವಿನಯದಿಂದ ಕೇಳಿಸಿಕೊಂಡು, "ಚೂಪಾಗಿರುತ್ತಾ ಸಾರ್? ಮಕ್ಕಳ ಕಣ್ಣಿಗೆ ಚುಚ್ಚಿದ್ರೆ ಯಾರು ಉತ್ತರ ಹೇಳೋದು?" ಅಂದಳು. ಆ ವಿನಯ ಅವನಿಗೆ ಚೆನ್ನಾಗಿ ಗೊತ್ತು. ಅವನು ಕೆಲಸ ಮಾಡುವ ಕಡೆ ಡಾಕ್ಟರೂ ಅಷ್ಟೇ ವಿನಯದಿಂದ ಬೆಲ್ಲು ಒತ್ತುತ್ತಿದ್ದರು. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಮೇಣ, ಸುಣ್ಣದ ಅಚ್ಚು, ಸ್ಪಿರಿಟ್ ದೀಪದ ನಡುವೆ ಕಟ್ಟುಹಲ್ಲು ಮಾಡುವವನು ಇವನು. ಮುಂದಿನ ಕೋಣೆಯಲ್ಲಿ ಅದನ್ನು ಬಾಯಿಗೆ ತೊಡಿಸಿ ಕನ್ನಡಿ ಹಿಡಿಯುವವರು ಅವರು. ಬೆಲ್ಲು ಒಮ್ಮೆ ಹೊಡೆದರೆ ಬಾ ಎಂದು, ಎರಡು ಸಲ ಹೊಡೆದರೆ ಹಲ್ಲು ಎತ್ತಿಕೊಂಡು ಬಾ ಎಂದು. ಊರಿನ ಅರ್ಧ ನಗು ತನ್ನ ಕೈಯಲ್ಲಿ ಆದದ್ದು ಎಂದು ಅವನು ಲೆಕ್ಕ ಇಟ್ಟಿದ್ದ, ಆ ನಗು ಯಾವುದೂ ಅವನ ಕಡೆಗೆ ತಿರುಗುತ್ತಿರಲಿಲ್ಲ. ಒಂದು ಸಲ ಒಬ್ಬ ಹೆಂಗಸು, ಹೊಸ ಹಲ್ಲಿನ ಖುಷಿಯಲ್ಲಿ ಡಾಕ್ಟರ ಕೈ ಹಿಡಿದು ಕಣ್ಣೀರಿಟ್ಟವಳು, ಪಕ್ಕದಲ್ಲಿ ನಿಂತ ಇವನ ಕಡೆ ನೋಡಿ, "ಸ್ವಲ್ಪ ಕುಡಿಯೋಕೆ ನೀರು ತಂದ್ಕೊಡಪ್ಪ," ಅಂದಿದ್ದಳು. ತಂದುಕೊಟ್ಟಿದ್ದ. ಆ ದಿನದಿಂದ ಅವನು ಬಾಯಿಗಳನ್ನು ಕಂಡರೆ ಹೇಸಿಕೊಳ್ಳುವುದನ್ನು ಕಲಿತ, ಬಾಯಿಲ್ಲದವುಗಳನ್ನು, ಎಂದರೆ ಹಡಗು ಸೇತುವೆಗಳನ್ನು, ಇನ್ನೂ ಮುತುವರ್ಜಿಯಿಂದ ಕಟ್ಟಿದ.

ಭಾವನಿಗೆ ಇದನ್ನು ಹಚ್ಚಿದ್ದೂ ಇವನೇ. ಆಗ ಅಕ್ಕ ಇದ್ದಳು. ಭಾನುವಾರ ಅವರಿಬ್ಬರೂ ಬಂದಾಗ ಭಾವ ಇವನ ಮೇಜಿನ ಪಕ್ಕ ಕೂತು, ಹೊಟ್ಟೆ ಕುಣಿಸಿ ನಗುತ್ತಾ, "ನಮ್ಮಲ್ಲಿ ಕೆಟ್ಟಿರೋದನ್ನ ಸರಿ ಮಾಡ್ತೀವಿ, ನೀನು ಇಲ್ಲದೇ ಇರೋದನ್ನ ಮಾಡ್ತೀಯಲ್ಲೋ," ಎಂದು ಬೆರಗಾಗುತ್ತಿದ್ದ. ಆ ಬೆರಗು ಇವನಿಗೆ ರುಚಿಸಿತು. ಅರ ಹಿಡಿಯುವುದು ಹೇಗೆ, ಅಂಟು ಎಷ್ಟು ಹಾಕಬೇಕು, ಎಲ್ಲವನ್ನೂ ಗುರುವಿನ ಗತ್ತಿನಲ್ಲಿ ಹೇಳಿಕೊಟ್ಟ. ಮೂರನೆಯ ವರ್ಷಕ್ಕೆ ಭಾವ ಇವನನ್ನು ದಾಟಿಹೋದ. ದಾಟಿದ್ದು ಭಾವನಿಗೆ ತಿಳಿಯಲಿಲ್ಲ ಎಂಬುದೇ ಇವನಿಗೆ ಸಹಿಸಲಾಗದ್ದು. ಎಲ್ಲ ಸಿದ್ಧವಾದ ಮೇಲೂ, "ಸರಿಯಾಗಿದೆಯೇನೋ, ನೋಡಿ ಹೇಳೋ," ಎಂದು ಇವನ ಮುಂದೆ ತಂದು ಹಿಡಿಯುತ್ತಿದ್ದ. ಸಣ್ಣ ತಪ್ಪು ಹುಡುಕಲು ಇವನಿಗೆ ಬರಬರುತ್ತಾ ಭೂತಗನ್ನಡಿ ಬೇಕಾಯಿತು.

ಮಾದರಿ ಕಟ್ಟುವವರದ್ದೊಂದು ಸಂಘವಿತ್ತು. ವರ್ಷಕ್ಕೊಂದು ಪ್ರದರ್ಶನ, ಒಂದು ಬಹುಮಾನ. ಮೂವತ್ತು ನಲವತ್ತು ಜನ ಮುದಿ ಗಂಡಸರು ಬೆರಳಿಗೆಲ್ಲ ಅಂಟು ಮೆತ್ತಿಕೊಂಡು, ಒಬ್ಬರ ಹಡಗನ್ನು ಇನ್ನೊಬ್ಬರು ಹೊಗಳಿ, ಬೆನ್ನ ಹಿಂದೆ ಮೂಗು ಮುರಿಯುವ ಜಾಗ. ಆ ಸಂಘದಲ್ಲಿ ಒಂದು ಪದ್ಧತಿಯಿತ್ತು. ಪ್ರದರ್ಶನದ ಸಭಾಂಗಣದ ಬಾಗಿಲ ಹತ್ತಿರ ಒಂದು ಉದ್ದ ಮೇಜು, ಅದಕ್ಕೆ ಉಳಿಕೆ ಮೇಜು ಎಂದು ಹೆಸರು. ತಮ್ಮಲ್ಲಿ ಮಿಕ್ಕ ಚೂರುಪಾರನ್ನು ಎಲ್ಲರೂ ಅದರ ಮೇಲೆ ತಂದು ಸುರಿಯಬೇಕು, ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳಬೇಕು. ಯಾರದು ಎಂದು ಕೇಳುವ ಹಾಗಿಲ್ಲ, ವಾಪಸು ಕೊಡು ಎಂದು ಹೇಳುವ ಹಾಗಿಲ್ಲ. ಮೇಜಿನ ಮೇಲೆ ಬಂತೆಂದರೆ ಅದು ಎತ್ತಿಕೊಂಡವನದು, ಅಷ್ಟೇ. ಚೂರು ತಂದವರು ಚೂರನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು. ಹೆಂಡತಿಯರಿಗೆ ಮಾತ್ರ ಕಸ ಕಡಿಮೆಯಾಗಿದೆ ಎಂದು ವರ್ಷಕ್ಕೊಂದು ದಿನ ಸಂತೋಷ.

ಆ ವರ್ಷ ಭಾವ ಒಂದು ಲೈಟ್‌ಹೌಸು ಮಾಡಿದ್ದ. ಗೇಣೆತ್ತರ, ಹಿಂದೆ ತೆರೆಯುವ ಬಾಗಿಲು, ಒಳಗೆ ತಳದಿಂದ ದೀಪದವರೆಗೆ ಸುತ್ತಿಕೊಂಡು ಹೋಗುವ ಮೆಟ್ಟಿಲು. ಮೆಟ್ಟಿಲು ಒಟ್ಟು ಮೂವತ್ತೆರಡು, ಒಂದೊಂದೂ ಸತ್ತ ಗಡಿಯಾರದ ನಿಮಿಷದ ಮುಳ್ಳು. ಮುಳ್ಳಿನ ಬುಡದಲ್ಲಿ ಹೇಗೂ ತೂತು ಇರುತ್ತದಲ್ಲ, ಒಂದು ಸಣ್ಣ ಸರಳಿಗೆ ಪೋಣಿಸಿ, ಒಂದೊಂದನ್ನೂ ಅಷ್ಟಷ್ಟೇ ತಿರುಗಿಸುತ್ತಾ ಹೋದರೆ ಮೆಟ್ಟಿಲಾಯಿತು. ಇಷ್ಟು ಸುಲಭದ ಯೋಚನೆ ತನಗೆ ಹೊಳೆಯಲಿಲ್ಲವಲ್ಲ ಎಂದು ಇವನಿಗೆ ಮೈ ಉರಿದುಹೋಯಿತು. ಮೆಟ್ಟಿಲು ನಾಜೂಕು ಎಂದು ಭಾವ ಅದನ್ನು ಬೇರೆಯಾಗಿ ಹತ್ತಿಯಲ್ಲಿ ಸುತ್ತಿ ತಂದಿದ್ದ. ಲೈಟ್‌ಹೌಸಿನ ಬಾಗಿಲು ತೆಗೆಯಲು ಎರಡೂ ಕೈ ಬೇಕಾಗಿ, ಒಂದು ಕ್ಷಣ ಮೆಟ್ಟಿಲನ್ನು ಹತ್ತಿರವಿದ್ದ ಮೇಜಿನ ಮೂಲೆಯಲ್ಲಿಟ್ಟ. ಆ ಮೇಜು ಉಳಿಕೆ ಮೇಜು. ಇಡಬಾರದ ಜಾಗದಲ್ಲಿ ಇಟ್ಟದ್ದು ಅವನ ತಪ್ಪು. ಹಲ್ಲಿನವನು ಆಗ ಅಲ್ಲಿಂದ ಹಾದುಹೋದ. ನಿಯಮದ ಪ್ರಕಾರ ಎತ್ತಿಕೊಂಡ. ಒಂಬತ್ತು ವರ್ಷದಲ್ಲಿ ಈ ಮಾತನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಅದರ ಅಂಚೆಲ್ಲ ಸವೆದು ನುಣುಪಾಗಿತ್ತು: ನಿಯಮದ ಪ್ರಕಾರ ಎತ್ತಿಕೊಂಡೆ.

ಆಮೇಲಿನದ್ದಕ್ಕೆ ಯಾವ ನಿಯಮವೂ ಇರಲಿಲ್ಲ. ಭಾವ ಮಂಡಿಯೂರಿ ಮೇಜುಗಳ ಕೆಳಗೆ ಹುಡುಕಿದ. ಟಾರ್ಚು ಹಿಡಿದು, ದೊಡ್ಡ ದೇಹವನ್ನು ಎಳೆದುಕೊಂಡು, ಮೇಜಿನಿಂದ ಮೇಜಿಗೆ. ನೋಡುತ್ತಾ ನಿಂತರೆ ಚೆನ್ನಾಗಿರುವುದಿಲ್ಲವೆಂದು ಹಲ್ಲಿನವನೂ ಮಂಡಿಯೂರಿದ. ಮೆಟ್ಟಿಲು ಅವನ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಚುಚ್ಚುತ್ತಿತ್ತು. ಮೇಲೆ ನಿಂತಿದ್ದ ಅಕ್ಕ ಬಗ್ಗಿ, "ನಿನ್ನ ಜೇಬಲ್ಲೂ ಒಂದ್ಸಲ ನೋಡ್ಕೊಳೋ, ಹತ್ತಿ ಅಲ್ವಾ, ಬಟ್ಟೆಗೆ ಅಂಟ್ಕೊಂಡು ಬಂದಿರುತ್ತೆ," ಅಂದಳು. ಪಾಪ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಅಂದದ್ದು. ಅವನು ಜೇಬಿಗೆ ಕೈ ಹಾಕಿ, ಮೆಟ್ಟಿಲನ್ನು ಬೆರಳಿಂದ ಕೆಳಕ್ಕೆ ಒತ್ತಿ, ಬರಿಗೈ ಹೊರಗೆ ತೆಗೆದು ತೋರಿಸಿದ. ಅಕ್ಕ ಸಾಯುವವರೆಗೂ ಅವಳ ಮುಂದೆ ಜೇಬಿಗೆ ಕೈ ಹಾಕಲು ಅವನಿಗೆ ಆಗಲಿಲ್ಲ. ತೀರ್ಪು ಕೊಡಲು ಬಂದಿದ್ದ ಮುದುಕ, ಬಂದರಿನಲ್ಲಿ ಎಂಜಿನಿಯರಾಗಿದ್ದವನಂತೆ, ಲೈಟ್‌ಹೌಸಿನ ಬಾಗಿಲು ತೆರೆದು ಇಣುಕಿ, "ದೀಪ ಹಚ್ಚೋಕೆ ಹಾರ್ಕೊಂಡು ಹೋಗ್ತಾರೇನ್ರೀ?" ಅಂದ. ಸಭಾಂಗಣ ನಕ್ಕಿತು. ಎಲ್ಲರಿಗಿಂತ ಜೋರಾಗಿ ಭಾವ ನಕ್ಕ. ಬಹುಮಾನ ಇವನ ಗಾಳಿಗಿರಣಿಗೆ ಬಂತು: ಚಿನ್ನದ ಬಣ್ಣದ ಒಂದು ಪ್ಲಾಸ್ಟಿಕ್ ಕಪ್ಪು, ಆರು ತಿಂಗಳಿಗೆ ಬಣ್ಣ ಎದ್ದು ಬಂದು ಈಗ ಮೂರನೆಯ ಪೆಟ್ಟಿಗೆಯಲ್ಲಿ ಒಣ ಕುಂಚಗಳನ್ನು ತುಂಬಿಕೊಂಡು ಕೂತಿದೆ. ಭಾವ ಮತ್ತೆ ಏನನ್ನೂ ಕಟ್ಟಲಿಲ್ಲ. "ಕಣ್ಣಿಗೆ ಆಗಲ್ಲ," ಅಂದ. ಗಡಿಯಾರ ರಿಪೇರಿಗೆ ಅದೇ ಕಣ್ಣು ಆಗುತ್ತಿತ್ತು, ಯಾರೂ ಕೇಳಲಿಲ್ಲ.

ಊಟದ ಹೊತ್ತಿಗೆ ಹೆಂಡತಿ ಇಣುಕಿ ನೋಡಿದಾಗ ನಾಲ್ಕು ಪೆಟ್ಟಿಗೆಯೂ ಅಲ್ಲೇ ಇದ್ದವು. ಅವಳು ಮಂಚಕ್ಕೆ ಹೊಸ ಚಾದರ ಹಾಸಿ, ದಿಂಬು ಎರಡು ಸಲ ತಟ್ಟಿ ಹೋದಳು. ಆ ತಟ್ಟುವುದರಲ್ಲಿ ಹೇಳಬೇಕಾದ್ದೆಲ್ಲ ಇತ್ತು. ಅವನು ಬಿಸ್ಕತ್ತಿನ ಡಬ್ಬಿ ತೆಗೆದು ಚಾದರದ ಮೇಲೆ ಸುರಿದುಕೊಂಡ. ಬಿದ್ದದ್ದು ಒಂದಲ್ಲ, ಹನ್ನೆರಡು ಸುರುಳಿ ಮೆಟ್ಟಿಲು. ಹನ್ನೊಂದು ಇವನೇ ಮಾಡಿದವು. ಮೊದಲ ವರ್ಷವೇ ಅವನಿಗೆ ಒಂದು ಉಪಾಯ ಹೊಳೆದಿತ್ತು: ಇದರಂತೆಯೇ ಇನ್ನೊಂದು ಮಾಡಿ ಭಾವನಿಗೆ ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ, ಒಪ್ಪಿಕೊಳ್ಳುವ ರಗಳೆಯೂ ಇಲ್ಲ, ಮೇಲಾಗಿ ಉದಾರಿ ಅನ್ನಿಸಿಕೊಳ್ಳಬಹುದು. ಭಾವನ ಉಳಿಕೆಯಲ್ಲೇ ಮುಳ್ಳುಗಳು ಡಬ್ಬಿಗಟ್ಟಲೆ ಇದ್ದವು. ಪೋಣಿಸಿದ, ತಿರುಗಿಸಿದ, ಅಂಟಿಸಿದ. ಒಂದರಲ್ಲಿ ಮೆಟ್ಟಿಲು ಒತ್ತೊತ್ತಾಗಿ ಬಂತು, ಒಂದರಲ್ಲಿ ಬಿಡಿಬಿಡಿಯಾಗಿ, ಇನ್ನೊಂದರಲ್ಲಿ ಅರ್ಧದವರೆಗೆ ಚೆನ್ನಾಗಿ ಬಂದು ಮೇಲೆ ಹೋಗುತ್ತಾ ಕುಡಿದವನ ಹಾಗೆ ವಾಲಿತು. ಒಂದೂ ಗಟ್ಟಿಯಾಗಿ ನಿಲ್ಲಲಿಲ್ಲ, ಮುಟ್ಟಿದರೆ ಅಲ್ಲಾಡುತ್ತಿದ್ದವು. ಒಂದು ವಿಷಯದಲ್ಲಿ ಮಾತ್ರ ಇವನದು ಮೇಲಾಗಿತ್ತು. ಭಾವನ ಮೆಟ್ಟಿಲಿಗೆ ತಳದಲ್ಲಿ ಒಂದು ಸಣ್ಣ ಕಾಲಿತ್ತು, ಲೈಟ್‌ಹೌಸಿನ ನೆಲದ ತೂತಿಗೆ ಸಿಕ್ಕಿಸಲು. ಆ ಕಾಲು ಸೊಟ್ಟ. ಎಷ್ಟಾದರೂ ಭಾವನ ಕೆಲಸ, ಎಲ್ಲೋ ಒಂದು ಕಡೆ ಅಸಡ್ಡೆ ಇದ್ದೇ ಇರುತ್ತದೆ ಎಂದು ಹಲ್ಲಿನವನು ತೃಪ್ತಿಯಿಂದ ಅಂದುಕೊಂಡು, ತನ್ನ ಹನ್ನೊಂದಕ್ಕೂ ಕಾಲನ್ನು ಸೂಜಿಯಂತೆ ನೆಟ್ಟಗೆ ತೀಡಿದ್ದ.

ಎರಡೂವರೆಗೆ ಅವನು ತೀರ್ಮಾನಕ್ಕೆ ಬಂದ. ಡಬ್ಬಿಯ ಸಮೇತ ಬೀದಿ ಕೊನೆಯ ಕಸದ ತೊಟ್ಟಿಗೆ. ಇಂಥ ಸರಳ ಕೆಲಸಕ್ಕೆ ಒಂಬತ್ತು ವರ್ಷ ಹಿಡಿಯಿತಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಚಪ್ಪಲಿ ಮೆಟ್ಟಿ ಹೊರಬೀಳುವಷ್ಟರಲ್ಲಿ ಮೂರೂಕಾಲಾಗಿತ್ತು. ತೊಟ್ಟಿಯ ಮುಚ್ಚಳಕ್ಕೆ ಕೈ ಹಾಕಿದ್ದನಷ್ಟೇ, ಎದುರು ಮನೆಯ ಅಜ್ಜಿ ಎಲ್ಲಿದ್ದಳೋ ಬಂದು ಹಿಡಿದುಕೊಂಡಳು. "ನೀನು ಸಿಕ್ಕಿದ್ದು ಒಳ್ಳೇದಾಯ್ತು ನೋಡು. ನೀನು ಮಾಡಿಕೊಟ್ಟ ಕೆಳಗಿನ ಹಲ್ಲಿನ ಸೆಟ್ಟು ಅಲ್ಲಾಡುತ್ತೆ ಕಣಪ್ಪ. ಮಾತಾಡಿದ್ರೆ ಟಕ್ ಟಕ್ ಅನ್ನುತ್ತೆ. ಮೊಮ್ಮಕ್ಕಳು ನಗ್ತವೆ." ಹೇಳಿದ್ದಷ್ಟೇ ಅಲ್ಲ, ನಡುಬೀದಿಯಲ್ಲಿ ಬಾಯಿ ತೆರೆದು ನಿಂತಳು. ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಹೆಬ್ಬೆರಳು ಒಳಗೆ ಹಾಕಿ ಒತ್ತಿದ. ಅಲ್ಲಾಡಿತು. ಎಡಗಡೆ ವಸಡಿಗೆ ಒಂದು ಪದರ ಕಡಿಮೆ ಬಿದ್ದಿದೆ, ಅವತ್ತು ಬೇಗ ಮುಗಿಸಿ ಎದ್ದದ್ದು ಎಂದು ಬೆರಳಿಗೆ ಆ ಕ್ಷಣವೇ ತಿಳಿಯಿತು.

"ಸೆಟ್ಟು ಸರಿಯಾಗೇ ಇದೆ ಅಜ್ಜಿ. ನಿಮ್ಮ ವಸಡೇ ಕುಗ್ಗಿದೆ."

"ಹೌದಾ? ನಂದೇ ಕುಗ್ಗಿದೆಯಾ?" ಎಂದು ಅಜ್ಜಿ ತಪ್ಪು ಮಾಡಿದವಳ ಹಾಗೆ ಬಾಯಿ ಮುಚ್ಚಿಕೊಂಡಳು. "ವಯಸ್ಸಾಯ್ತಲ್ಲ, ಏನ್ಮಾಡೋದು." ಆಮೇಲೂ ಹೋಗಲಿಲ್ಲ. ಅವಳ ಸೊಂಟ, ಮಗನ ಬಿಪಿ, ಸೊಸೆಯ ಮಾತು, ಎಲ್ಲ ಟಕ್ ಟಕ್ ಎಂದು ಬಂದವು. ಅವಳ ಕಣ್ಣೆದುರು ಡಬ್ಬಿ ಎಸೆದರೆ ಏನದು, ಯಾಕೆ, ಚೆನ್ನಾಗಿದೆಯಲ್ಲ ಡಬ್ಬಿ, ನನಗೆ ಕೊಡು ಅನ್ನುವವಳೇ. ಕೊನೆಗೆ ಅವಳು ಬೆನ್ನು ತಿರುಗಿಸಿದಾಗ, ತಮ್ಮ ಮನೆಯ ಮುಂದೆ ಬಾಡಿಗೆ ಕಾರು ನಿಂತದ್ದು ಕಾಣಿಸಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಗಡಿಯಾರದವನು ಹೊತ್ತಿಗೆ ಮೊದಲೇ ಬರುತ್ತಾನೆಂದು ತನಗೆ ಹೊಳೆಯಬೇಕಿತ್ತು.

ಭಾವ ಅರ್ಧದಷ್ಟಾಗಿದ್ದ. ಕುಣಿಯುತ್ತಿದ್ದ ಹೊಟ್ಟೆ ಎಲ್ಲಿ ಹೋಯಿತೋ, ಅಂಗಿ ಮೊಳೆಗೆ ತೂಗುಹಾಕಿದ ಹಾಗೆ ಭುಜದಿಂದ ಇಳಿಬಿದ್ದಿತ್ತು. ಎರಡೂ ಕೈಯಲ್ಲಿ ಅಕ್ಕನ ಶಾಲು ಸುತ್ತಿದ ಏನನ್ನೋ ಎದೆಗವುಚಿ ಹಿಡಿದಿದ್ದ, ಕೈ ನಡುಗುವುದಕ್ಕೆ ಅದೂ ನಡುಗುತ್ತಿತ್ತು. ಬಿಚ್ಚದಿದ್ದರೂ ಅದು ಲೈಟ್‌ಹೌಸು ಎಂದು ಗೊತ್ತಾಯಿತು. ಹೆಂಡತಿ, "ಬನ್ನಿ ಅಣ್ಣ, ಬನ್ನಿ," ಎಂದು ಕೋಣೆಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು. ಭಾವ ಪೆಟ್ಟಿಗೆಗಳನ್ನು ನೋಡಿದ.

"ಇನ್ನೂ ಇಟ್ಟಿದ್ದೀಯಲ್ಲೋ ಇದನ್ನೆಲ್ಲ. ಅವತ್ತೇ ಎಸೆದಿರ್ತೀಯ ಅಂದ್ಕೊಂಡಿದ್ದೆ. ಕೈಯಲ್ಲೇನು, ಬಿಸ್ಕತ್ತಾ?"

"ಬಿಸ್ಕತ್ತೆಲ್ಲಿಂದ ಬರ್ಬೇಕು ಅಣ್ಣ, ಅದೂ ಇವರ ಕಸಾನೇ ಇರುತ್ತೆ," ಎಂದು ಹೆಂಡತಿ ಅವನ ಕೈಯಿಂದ ಡಬ್ಬಿ ತೆಗೆದುಕೊಂಡು, ಮುಚ್ಚಳ ಎತ್ತಿ, ಭಾವನ ಪಕ್ಕದಲ್ಲಿಟ್ಟು ಕಾಫಿ ಮಾಡಲು ಒಳಗೆ ಹೋದಳು. ಅಷ್ಟು ಸಲೀಸಾಗಿ.

ಭಾವ ಡಬ್ಬಿಯೊಳಗೆ ನೋಡಿದ. ಒಂದೊಂದನ್ನೇ ಎತ್ತಿ ಚಾದರದ ಮೇಲೆ ಮಲಗಿಸಿದ, ಪ್ರತಿಯೊಂದೂ ಅವನ ಬೆರಳಲ್ಲಿ ಗಿರಗಿರ ನಡುಗಿ ಸುಮ್ಮನಾಯಿತು. ಹನ್ನೆರಡನ್ನೂ ಇಟ್ಟು ತಲೆ ಎತ್ತಿದಾಗ ಅವನ ಕಣ್ಣು ತುಂಬಿತ್ತು. "ನನಗೆ ಅಂತ ಇಷ್ಟು ಸಲ ಮಾಡಿ ನೋಡಿದ್ಯಾ? ಒಂದು ದಿನ ಬಾಯಿ ಬಿಟ್ಟು ಹೇಳ್ಲಿಲ್ವಲ್ಲೋ," ಅಂದ. ಆಮೇಲೆ ಮೂಗೊರೆಸಿಕೊಂಡು, ಹಳೆಯ ಖುಷಿಯ ಚೂರೊಂದು ಮುಖಕ್ಕೆ ಬಂದು, ಬೆರಳಿಂದ ಸವರುತ್ತಾ ಹೋಗಿ ಒಂದರ ಮೇಲೆ ನಿಂತ. "ಇದು ನೋಡು. ಇದು ಕೂತಿದೆ. ನಾನು ಮಾಡಿದ್ದೂ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ ಕಣೋ."

ಹಲ್ಲಿನವನು ಆ ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದ. ಭಾವನ ಬಾಯಿಂದಲೇ ಬರಬೇಕೆಂದು, ಇದೇ ಸ್ವರದಲ್ಲಿ ಬರಬೇಕೆಂದು. ಬಂತು. ಕಿವಿಯಿಂದ ಇಳಿದು ಎದೆಯವರೆಗೆ ಬೆಚ್ಚಗಾಯಿತು, ನಾಚಿಕೆಗೇಡು, ನಿಜವಾಗಿ ಬೆಚ್ಚಗಾಯಿತು. ಅಲ್ಲ ಅನ್ನಬೇಕಿತ್ತು. ಹಲ್ಲಿನವನು ನೆಲ ನೋಡುತ್ತಾ, "ಏನೋ, ಕೈಗೆ ಬಂದ ಹಾಗೆ ಮಾಡ್ದೆ," ಅಂದ. ಒಂಬತ್ತು ವರ್ಷದ ಹಿಂದೆ ಎತ್ತಿಕೊಂಡದ್ದನ್ನು ಆ ಕ್ಷಣ ಅವನು ಇನ್ನೊಮ್ಮೆ ಎತ್ತಿಕೊಂಡ, ಈ ಸಲ ಯಾವ ಮೇಜೂ ಇರಲಿಲ್ಲ.

"ನನ್ನ ಕೈಲಾಗಲ್ಲ. ನೀನೇ ಕೂರಿಸು," ಎಂದು ಭಾವ ಶಾಲು ಬಿಚ್ಚಿ ಲೈಟ್‌ಹೌಸಿನ ಬಾಗಿಲು ತೆರೆದ. ಹಲ್ಲಿನವನು ಚಿಮುಟದಲ್ಲಿ ಮೆಟ್ಟಿಲು ಹಿಡಿದು ಒಳಗೆ ಇಳಿಸಿದ. ಕೂರದೆ ಹೋಗಲಿ ಎಂದು ಬೇಡಿಕೊಂಡ. ಸೊಟ್ಟ ಕಾಲು ತಾನಾಗಿಯೇ ತೂತನ್ನು ಹುಡುಕಿಕೊಂಡು, ಒಂಚೂರು ತಿರುಗಿ, ಟಿಕ್ ಎಂದು ಕೂತಿತು. ಮೆಟ್ಟಿಲ ತುದಿ ದೀಪದ ಕಟ್ಟೆಗೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ತಾಗಿತು. ಭಾವನ ಮುಖದಲ್ಲಿದ್ದ ನಗು ಅಲ್ಲೇ ನಿಂತುಹೋಯಿತು. ಅವನು ಅಂಗಿಯ ಜೇಬಿನಿಂದ ಗಡಿಯಾರದವರ ಸಣ್ಣ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡ. ಕೈ ನಡುಗುತ್ತಿತ್ತು, ಕಣ್ಣು ನಡುಗುತ್ತಿರಲಿಲ್ಲ. ಲೈಟ್‌ಹೌಸಿನ ತಳ ನೋಡಿದ. ಆಮೇಲೆ ಚಾದರದ ಮೇಲಿನ ಹನ್ನೊಂದನ್ನೂ ಬಗ್ಗಿ, ಒಂದಾದ ಮೇಲೊಂದು, ಕಾಲುಗಳನ್ನು ನೋಡಿದ. ಎಲ್ಲವೂ ಸೂಜಿಯಂತೆ ನೆಟ್ಟಗಿದ್ದವು.

"ತಳದ ತೂತು ಕೊರೆಯೋವಾಗ ಕೈ ಜಾರಿ ಓರೆ ಹೋಗಿತ್ತು," ಎಂದು ಯಾರಿಗೋ ಹೇಳುವವನ ಹಾಗೆ ಹೇಳಿದ. "ಅದಕ್ಕೇ ಮೆಟ್ಟಿಲಿನ ಕಾಲನ್ನ ಸೊಟ್ಟ ಬಗ್ಗಿಸಿದ್ದೆ. ನಿಮ್ಮಕ್ಕನಿಗೂ ಹೇಳಿರ್ಲಿಲ್ಲ. ನಗ್ತಾಳೆ ಅಂತ."

ಅಡುಗೆಮನೆಯಿಂದ ಹೆಂಡತಿ, "ಸಕ್ಕರೆ ಎಷ್ಟು ಹಾಕ್ಲಿ ಅಣ್ಣ?" ಎಂದು ಕೂಗಿದಳು. ಹಲ್ಲಿನವನ ಗಂಟಲಿಗೆ ಆ ಸವೆದ ಮಾತು ಎದ್ದು ಬಂತು. ಮಾಡಿಟ್ಟದ್ದು ಅದೊಂದೇ, ಬೇರೆ ಇರಲಿಲ್ಲ.

"ಅದು ಉಳಿಕೆ ಮೇಜಿನ ಮೇಲಿತ್ತು, ಭಾವ."

"ಹೂಂ. ಇತ್ತು," ಎಂದ ಭಾವ. ಭೂತಗನ್ನಡಿ ತೆಗೆಯದೆ ಇವನ ಕಡೆ ತಿರುಗಿದ. ಗಾಜಿನ ಹಿಂದೆ ಆ ಒಂದು ಕಣ್ಣು ಅಂಗೈಯಗಲ ಕಾಣುತ್ತಿತ್ತು. "ನಾನು ಮಂಡಿಯೂರಿ ಹುಡುಕ್ತಿದ್ದಾಗ, ನನ್ನ ಪಕ್ಕದಲ್ಲಿ ನೀನೂ ಹುಡುಕ್ತಿದ್ದೆ ಅಲ್ವಾ?"

"ಹೌದು."

ಹೆಂಡತಿ ಕಾಫಿ ಲೋಟ ಹಿಡಿದು ಬಂದವಳು ಲೈಟ್‌ಹೌಸಿನೊಳಗೆ ಇಣುಕಿ ನೋಡಿ, ಎಂದೂ ಇಲ್ಲದ ದನಿಯಲ್ಲಿ, "ಅಯ್ಯೋ, ಎಷ್ಟು ಚೆನ್ನಾಗಿದೆ ಮೆಟ್ಟಿಲು. ಇದನ್ನ ಇವರೇ ಮಾಡಿದ್ದಾ ಅಣ್ಣ?" ಅಂದಳು. ಭಾವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ; ಕಾಫಿ ಲೋಟದ ಅಂಚಿಗೆ ಬಂದು ಬಂದು ಹೋಗುತ್ತಿತ್ತು. ಹಲ್ಲಿನವನು ಚಾದರದ ಮೇಲಿದ್ದ ಹನ್ನೊಂದನ್ನು ಗುಡಿಸಿ ಅಂಗೈಗೆ ಹಾಕಿಕೊಂಡ.

"ಅದು ಭಾವ ಮಾಡಿದ್ದು. ನಾನು ಮಾಡಿದ್ದು ಇವು," ಎಂದು ಕೈ ಚಾಚಿದ.

ಅವಳು ಒಂದನ್ನು ಎತ್ತಿ ಬೆರಳಿಂದ ಮುಟ್ಟಿ ನೋಡಿದಳು. "ಇವು ಅಲ್ಲಾಡ್ತವಲ್ರೀ."

"ಹೌದು," ಎಂದ ಹಲ್ಲಿನವನು. "ಅಲ್ಲಾಡ್ತವೆ."